ಭಾವ ಕಂಡ ನೀಲಿ

ನಮ್ಮ ಭಾವನಿಗೆ ಬೀದಿಯಲ್ಲಿ ಹೊಗೆ ಡಾಕ್ಟರು ಅಂತ ಹೆಸರು. ನಮ್ಮ ಅಕ್ಕನ ಗಂಡ, ಲಾರಿ ಮೆಕ್ಯಾನಿಕ್ಕು, ವಯಸ್ಸು ಅರವತ್ತೆರಡು. ಆ ಹೆಸರನ್ನ ತಮಾಷೆಗೆ ಇಟ್ಟರೋ ಮರ್ಯಾದೆಗೆ ಇಟ್ಟರೋ ನನಗೆ ಗೊತ್ತಿಲ್ಲ. ಅವರಂತೂ ಕರೆದವರಿಗೆಲ್ಲ "ಹೂಂ, ಬಂದೆ" ಅನ್ನುತ್ತಾರೆ. ಯಾರು ಲಾರಿ ತಂದು ನಿಲ್ಲಿಸಿದರೂ ಮೊದಲು ಬಾನೆಟ್ ಎತ್ತುವವರಲ್ಲ ಅವರು. ಸೀದಾ ಹಿಂದಕ್ಕೆ ಹೋಗಿ, ಸೈಲೆನ್ಸರ್ ಪೈಪಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಿಸಿಲಿಗೆ ಬೆನ್ನು ಕೊಟ್ಟು, "ಹಾಂ, ಶುರು ಮಾಡು" ಅಂತ ಕೈ ಎತ್ತುತ್ತಾರೆ. ಬರುವ ಹೊಗೆ ಕಪ್ಪಾಗಿದ್ದರೆ ಇಂಜಿನ್ನಿಗೆ ಗಾಳಿ ಸಾಲದು, ಇಲ್ಲಾ ಡೀಸೆಲ್ ಜಾಸ್ತಿ. ಬಿಳಿಯಾಗಿದ್ದರೆ ಡೀಸೆಲ್ ಸರಿಯಾಗಿ ಉರಿಯದೆ ಹಸಿಹಸಿ ಹೊರಗೆ ಬರುತ್ತಿದೆ, ಇಲ್ಲಾ ಎಲ್ಲೋ ನೀರು ಒಳಗೆ ನುಗ್ಗಿದೆ. ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ. ಕೇಳೋಕೆ ಮೂರೇ ಬಣ್ಣ. ನೀವೇ ಒಂದು ಸಲ ಕೂತು ನೋಡಿ, ತಲೆ ಕೆಟ್ಟು ಹೋಗುತ್ತೆ.

ಅಕ್ಕನ ಮದುವೆ ಮಾತುಕತೆಗೆ ಅಂತ ಭಾವ ನಮ್ಮ ಮನೆಗೆ ಬಂದ ದಿನ ನಮ್ಮಪ್ಪ ಹೊರಗೆ ತಮ್ಮ ಲಾರಿ ಸ್ಟಾರ್ಟ್ ಮಾಡಿದರಂತೆ. ಈ ಮನುಷ್ಯ ಕೂತಲ್ಲಿಂದ ಎದ್ದು, ಚಪ್ಪಲಿ ಕೂಡ ಹಾಕದೆ ಅಂಗಳಕ್ಕೆ ಓಡಿ, ಪೈಪಿನ ಮುಂದೆ ಕೂತೇಬಿಟ್ಟರಂತೆ. "ನನ್ನ ಮುಖಕ್ಕಿಂತ ಮೊದಲು ಪೈಪು ನೋಡಿದ ಗಂಡಸು" ಅಂತ ಅಕ್ಕ ಇವತ್ತಿಗೂ ಚುಚ್ಚುತ್ತಾಳೆ. ಭಾವ ನಗುತ್ತಾರೆ. ಜೋರು ದನಿ ಅನ್ನೋದು ಅವರ ಹತ್ತಿರ ಇಲ್ಲವೇ ಇಲ್ಲ. ಇಂಜಿನ್ ಹಟ ಹಿಡಿದರೂ "ಆಯ್ತಪ್ಪಾ, ಆಯ್ತು" ಅಂತ ಅಳುವ ಮಗುವಿಗೆ ಹೇಳಿದ ಹಾಗೆ ಹೇಳುತ್ತಾರೆ. ಬಿಚ್ಚಿದ ನಟ್ಟು ಬೋಲ್ಟುಗಳನ್ನ ಬಿಚ್ಚಿದ ಸಾಲಿನಲ್ಲೇ ಒಂದು ಬಟ್ಟೆ ಮೇಲೆ ಹರಡುತ್ತಾರೆ. ಆ ಬಟ್ಟೆ ತುಳಿದರೆ ಮಾತ್ರ ಒಮ್ಮೆ ಮುಖ ನೋಡುತ್ತಾರೆ, ಅಷ್ಟು ಸಾಕು.

ಜೋರು ದನಿ ಎಲ್ಲಾ ನನ್ನ ಪಾಲಿಗೆ ಬಂದಿದೆ. ನಾನು ಡ್ರೈವರು. ಕಲ್ಲು ಕ್ರಷರಿನಿಂದ ಜಲ್ಲಿ, ಕಲ್ಲುಪುಡಿ ಸಾಗಿಸುವ ಕೆಲಸ. ನನ್ನ ಲಾರಿಗೆ ನಾನಿಟ್ಟ ಹೆಸರು ಮುದುಕಿ. ಅವಳಿಗೆ ವಯಸ್ಸಾಗಿದೆ, ನನಗೆ ಬುದ್ಧಿ ಬಂದಿಲ್ಲ, ಇಬ್ಬರದೂ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಹೋದ ವರ್ಷ ಹೊಗೆ ತಪಾಸಣೆಗೆ ಚೀಟಿ ಬಂತು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಕಚೇರಿಯ ಅಂಗಳದಲ್ಲಿ ನಿಲ್ಲಿಸಬೇಕು, ಪೈಪಿನೊಳಗೆ ನಳಿಗೆ ತೂರಿಸಿ ಅಳೆಯುತ್ತಾರೆ. ಇಷ್ಟು ಹಳೆಯ ಲಾರಿಗೆ ಎರಡನೇ ಅವಕಾಶ ಇಲ್ಲ. ಫೇಲಾದರೆ ಅಲ್ಲಿಂದಲೇ ಗುಜರಿಗೆ. ನನಗೆ ಬೇರೆ ಕೆಲಸ ಬರೋದಿಲ್ಲ, ಬೇರೆ ಲಾರಿ ಕೊಡೋರೂ ಯಾರೂ ಇಲ್ಲ.

ಸೋಮವಾರ ಬೆಳಿಗ್ಗೆ ಮುದುಕಿಯನ್ನ ಭಾವನ ಶೆಡ್ಡಿನ ಮುಂದೆ ನಿಲ್ಲಿಸಿದೆ. ಒಂದು ವಾರದಿಂದ ಹೊಗೆ ಜಾಸ್ತಿಯಾಗಿತ್ತು, ನನಗೆ ಗೊತ್ತಿತ್ತು. ಭಾವ ಪೈಪಿನ ಪಕ್ಕ ಕೂತು ಕೈ ಎತ್ತಿದರು. ನಾನು ಸ್ಟಾರ್ಟ್ ಮಾಡಿ, ಒಂದಿಷ್ಟು ರೇಸ್ ಕೊಟ್ಟು, ಇಂಜಿನ್ ಹಾಗೇ ಬಿಟ್ಟು ಇಳಿದು ಬಂದೆ. ಹೊಗೆ ಸುರುಳಿ ಸುರುಳಿಯಾಗಿ ಗೋಡೆ ಕಡೆ ಹೋಗುತ್ತಿತ್ತು. ಬಿಸಿಲು ಬಿದ್ದ ಕಡೆ ಚೆನ್ನಾಗಿ ಕಾಣುತ್ತಿತ್ತು. ನೀಲಿ. ಯಾರು ನೋಡಿದರೂ ನೀಲಿ.

"ನೀಲಿ ಇದ್ದ ಹಾಗಿದೆಯಲ್ಲೋ" ಅಂದರು ಭಾವ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಿನಗೇನು ಕಾಣ್ತಿದೆ?"

ನೀಲಿ ಅಂದರೆ ಏನು ಅಂತ ನನಗೆ ಗೊತ್ತಿಲ್ಲವೇ? ಪಿಸ್ಟನ್ನಿನ ರಿಂಗು ಸವೆದಿದೆ, ಲೈನರ್ ಹೋಗಿದೆ, ಇಂಜಿನ್ ಬೋರಿಗೆ, ಅಂದರೆ ಸಿಲಿಂಡರ್ ಕೊರೆಸುವ ಕೆಲಸಕ್ಕೆ ಬಂದಿದೆ. ಪೂರ್ತಿ ಇಳಿಸಿ ಬಿಚ್ಚಬೇಕು. ಕಮ್ಮಿ ಅಂದರೂ ಎರಡು ವಾರದ ಕೆಲಸ. ಶುಕ್ರವಾರಕ್ಕೆ ನಾಲ್ಕು ದಿನ. ಬಾಯಿ ತಪ್ಪಿ ಬಂದ ಮಾತಲ್ಲ, ಬೇಕಂತಲೇ ಹೇಳಿದೆ: "ಬಿಳಿ ಭಾವ. ಅಚ್ಚ ಬಿಳಿ."

"ಬಿಳಿನಾ?"

"ಹೂಂ. ನಿಮಗೆ ನೀಲಿ ಎಲ್ಲಿ ಕಾಣ್ತು?"

ಬಿಳಿ ಅಂದರೆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ತೋರಿಸಿಕೊಂಡು ಬಂದರೆ ಆಯ್ತು, ಒಂದು ದಿನದ ಕೆಲಸ. ನಾನು ಬಿಳಿ ಅಂದ ತಕ್ಷಣ ಹೊಗೆ ಬಿಳಿಯಾಗಿಬಿಡುತ್ತೆ ಅನ್ನುವ ಹಾಗೆ ಹೇಳಿದ್ದೆ. ನನ್ನಂಥ ಬೆಪ್ಪ ಇನ್ನೊಬ್ಬ ಇರಲಿಕ್ಕಿಲ್ಲ. ಭಾವ ಇನ್ನೊಂದು ನಿಮಿಷ ನೋಡಿದರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, "ಸರಿ, ನಿನ್ನ ಕಣ್ಣು ಎಳೇದು. ಬಿಳಿ ಅಂದ್ರೆ ಬಿಳಿ" ಅಂದರು. ಹೊಗೆಯ ವಾಸನೆ ನೋಡಿ ಕಂಡುಹಿಡಿಯೋಣ ಅಂದರೆ, ನಲವತ್ತು ವರ್ಷ ಡೀಸೆಲ್ ಕುಡಿದ ಅವರ ಮೂಗು ಯಾವಾಗಲೋ ಕೈ ಕೊಟ್ಟಿತ್ತು. ಇದ್ದದ್ದು ಕಣ್ಣೊಂದೇ.

ಅವತ್ತು ನಾಜಲ್‌ಗಳನ್ನ ಬಿಚ್ಚಿ ಡೀಸೆಲ್ ಪಂಪು ರಿಪೇರಿಯ ಅಂಗಡಿಗೆ ತಗೊಂಡು ಹೋದೆವು. ಅಲ್ಲಿಯವನು ಒಂದೊಂದನ್ನೇ ಯಂತ್ರಕ್ಕೆ ಕಚ್ಚಿಸಿ ಒತ್ತಿ ತೋರಿಸಿದ. ಮಂಜಿನ ಹಾಗೆ ಸಣ್ಣಗೆ ಚಿಮ್ಮಿತು. "ಇದರಲ್ಲಿ ಏನೂ ಇಲ್ಲ ಡಾಕ್ಟ್ರೇ, ಸುಮ್ನೆ ಹೊತ್ಕೊಂಡು ಬಂದ್ರಿ" ಅಂದ. ಮಂಗಳವಾರ ಬೆಳಿಗ್ಗೆ ಮತ್ತೆ ಹಾಕಿ ಸ್ಟಾರ್ಟ್ ಮಾಡಿದರೆ ಹೊಗೆ ಹೇಗಿತ್ತೋ ಹಾಗೇ ಇತ್ತು. ರೇಸ್ ಜಾಸ್ತಿ ಕೊಟ್ಟರೆ ಸಾಲದ್ದಕ್ಕೆ ಒಂದಿಷ್ಟು ಕಪ್ಪೂ ಸೇರಿಕೊಂಡಿತು.

"ಈಗ ಕಪ್ಪು ಬಂತಲ್ಲ? ಅದಾದ್ರೂ ನಿಜಾನಾ?" ಅಂತ ಭಾವ ನನ್ನನ್ನ ಕೇಳಿದರು. ತಮ್ಮ ಕಣ್ಣನ್ನೇ ನಂಬದೆ ಅವರು ಹಾಗೆ ಕೇಳಿದ್ದನ್ನ ನಾನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ.

ಆಮೇಲೆ ನಡೆದದ್ದು ನೆನೆಸಿಕೊಂಡರೆ ನಗೂ ಬರುತ್ತೆ, ನಾಚಿಕೆನೂ ಆಗುತ್ತೆ. ಭಾವ ಎದುರು ಅಂಗಡಿಯ ದರ್ಜಿಯನ್ನ ಕರೆದರು. ಬಣ್ಣದ ವಿಷಯ ಅವನಿಗಿಂತ ಯಾರಿಗೆ ಗೊತ್ತು? ಅವನು ಕೊರಳಿಗೆ ಟೇಪು ಹಾಕಿಕೊಂಡೇ ಬಂದು, ಕಣ್ಣು ಸಣ್ಣ ಮಾಡಿ, "ಕೋಟಿನ ಒಳಗಡೆ ಲೈನಿಂಗ್ ಹಾಕ್ತೀವಲ್ಲ, ಆ ಬಣ್ಣ" ಅಂದ. ಯಾವ ಕೋಟು ಅಂದರೆ, "ಯಾವುದಾದ್ರೂ" ಅಂದ. ಟೀ ಅಂಗಡಿಯವನು ಹಾಲು ಕಮ್ಮಿಯಾದ ಟೀ ಥರ ಇದೆ ಅಂದ. ಪಂಕ್ಚರ್ ಹಾಕುವವನು ಟ್ಯೂಬಿನಿಂದ ತಲೆ ಎತ್ತದೆ, "ಹೊಗೆ ಹೊಗೆ ಬಣ್ಣದಲ್ಲೇ ಇದೆ, ಇನ್ನೇನಿರುತ್ತೆ?" ಅಂದ. ಮೂರು ಜನ ಮಾತಾಡಿ ಮುಗಿಸುವ ಹೊತ್ತಿಗೆ ನನಗೇ ಗೊಂದಲ. ನಾನು ಕಂಡದ್ದು ನೀಲಿನಾ? ಸುಳ್ಳು ಹೇಳಿ ಹೇಳಿ ನನ್ನ ಕಣ್ಣಿಗೂ ಅದು ಬೆಳ್ಳಗೆ ಕಾಣೋಕೆ ಶುರುವಾಗಿತ್ತು.

ಮಧ್ಯಾಹ್ನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿದರು. ರಿಂಗು ಸವೆದಿದ್ದರೆ ಅದು ಬಿದ್ದಿರಬೇಕು. ಎಲ್ಲಾ ಸಿಲಿಂಡರಲ್ಲೂ ಗೇಜಿನ ಮುಳ್ಳು ಗಟ್ಟಿಯಾಗಿ ನಿಂತಿತು. "ಈ ಮುದುಕಿಗೆ ಇಂಥ ಎದೆ ಎಲ್ಲಿಂದ ಬಂತೋ?" ಅಂದರು ಭಾವ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಇಟ್ಟು ನೋಡಿದರು, ರಿಂಗು ಹೋಗಿದ್ದರೆ ಹೊಡೆಯುವ ಉಸಿರು ಒಳಗಿಂದ ಹೊಡೆಯಲಿಲ್ಲ. ಇಂಜಿನ್ ನಿಲ್ಲಿಸಿ ಗೇಜು ಕಡ್ಡಿ ಎಳೆದು ನೋಡಿದರು, ಆಯಿಲ್ ಒಂದು ಎಳೆಯಷ್ಟೂ ಇಳಿದಿರಲಿಲ್ಲ. ಆಯಿಲ್ ಉರಿಯುತ್ತಿದ್ದರೆ ಆಯಿಲ್ ಇಳಿಯಬೇಕು ತಾನೇ? ಭಾವ ಕಡ್ಡಿಯನ್ನ ಒರೆಸಿ ವಾಪಸ್ ಇಟ್ಟು, ನನ್ನ ಕಡೆ ತಿರುಗಿ, "ನೀನು ಹೇಳಿದ್ದೇ ಸರಿ ಕಣೋ. ಇದು ನೀಲಿ ಆಗೋಕೆ ಸಾಧ್ಯಾನೇ ಇಲ್ಲ. ನನಗೆ ಹಾಗೆ ಕಂಡಿತು, ಅಷ್ಟೇ" ಅಂದರು.

ನಾನು ಕುಣಿದಾಡಬೇಕಿತ್ತು. ಇಂಜಿನ್ ಗಟ್ಟಿಯಾಗಿದೆ, ಬೋರಿನ ಕೆಲಸ ಇಲ್ಲ! ಆದರೆ ತಲೆಬುಡ ತಿಳಿಯಲಿಲ್ಲ. ನಾನು ಸೋಮವಾರ ಕಂಡದ್ದು ನೀಲಿಯಾದರೆ ಈ ಗೇಜುಗಳೆಲ್ಲಾ ಸುಳ್ಳು. ಗೇಜು ನಿಜವಾದರೆ ನಾನು ಹೇಳಿದ ಸುಳ್ಳೇ ನಿಜ. ಹಾಗೂ ಆಗುತ್ತಾ? ಆಗಿದ್ದರೆ ನಾನು ಸುಳ್ಳ ಅಲ್ಲ, ಬರೀ ಅದೃಷ್ಟವಂತ. ಆ ಯೋಚನೆ ಎಷ್ಟು ಹಿತವಾಗಿತ್ತು ಅಂದರೆ, ಬಾಯಿ ಬಿಡಬೇಕಾದ ನಾನು ಬಾಯಿ ಮುಚ್ಚಿಕೊಂಡೆ.

ಬುಧವಾರ ಪೂರ್ತಿ ನೀರಿನ ಹಿಂದೆ ಬಿದ್ದೆವು. ರೇಡಿಯೇಟರ್ ಮುಚ್ಚಳ ತೆಗೆದು ಇಂಜಿನ್ ಓಡಿಸಿ ಗುಳ್ಳೆ ಬರುತ್ತಾ ಅಂತ ಕಾದೆವು. ಒಂದು ಗುಳ್ಳೆ ಇಲ್ಲ. ನೀರು ಅಳೆದು ಹಾಕಿ, ಎರಡು ಗಂಟೆ ಓಡಿಸಿ, ಮತ್ತೆ ಅಳೆದೆವು. ಒಂದು ಲೋಟ ಕೂಡ ಕಮ್ಮಿಯಾಗಿರಲಿಲ್ಲ. ಭಾವ ಹಳೇ ಟೈರಿನ ಮೇಲೆ ಕೂತು ಎರಡೂ ಕೈ ತೊಡೆ ಮೇಲಿಟ್ಟುಕೊಂಡು ಪೈಪನ್ನೇ ನೋಡುತ್ತಿದ್ದರು. ನಾಡಿದ್ದು ತಪಾಸಣೆ. ನನಗೆ ಮೈಯೆಲ್ಲಾ ಉರಿದುಹೋಯಿತು.

"ಹೀಗೆ ಕೂತ್ರೆ ಆಗುತ್ತಾ ಭಾವ? ಏನಾದ್ರೂ ಹೇಳಿ!"

"ಏನು ಹೇಳಲಿ ಮಾರಾಯ? ನನಗೆ ಈಗಲೂ ನೀಲಿನೇ ಕಾಣ್ತಿದೆ."

"ನೀಲಿ ಅಲ್ಲ ಅಂತ ನೀವೇ ಹೇಳಿದ್ರಿ! ನಿಮ್ಮ ಕಣ್ಣು ಹೋಗಿದೆ, ಒಪ್ಕೊಳ್ಳಿ! ನಿಮ್ಮನ್ನ ನಂಬ್ಕೊಂಡು ನಾನು ಕೆಟ್ಟೆ!"

ದರ್ಜಿಯ ಮಿಷಿನ್ ನಿಂತುಹೋಯಿತು. ಪಂಕ್ಚರಿನವನು ತಲೆ ಎತ್ತಿದ. ಭಾವ ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಸ್ಪ್ಯಾನರ್ ಎತ್ತಿ ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. ಅವರು ತಲೆ ಆಡಿಸಿ, "ಹೌದು ಅನ್ಸುತ್ತೆ" ಅಂದರು.

ಸಂಜೆ ಅವರನ್ನ ಮನೆಗೆ ಬಿಟ್ಟು ಬರೋಕೆ ಹೋದಾಗ ಅಕ್ಕ ನನ್ನನ್ನ ಅಡುಗೆಮನೆ ಒಳಗೆ ಎಳೆದುಕೊಂಡು ಬಾಗಿಲು ಮುಂದೆ ಮಾಡಿದಳು.

"ಲೋ, ಏನು ನಡೀತಿದೆ ನಿಮ್ಮಿಬ್ಬರ ಮಧ್ಯೆ? ಎರಡು ದಿನದಿಂದ ಇವರು ಬಚ್ಚಲುಮನೇಲಿ ನೀಲಿ ಬಕೆಟ್ ಮುಂದೆ ನಿಂತ್ಕೋತಾರೆ. ಒಂದು ಕಣ್ಣು ಮುಚ್ತಾರೆ, ಇನ್ನೊಂದು ಮುಚ್ತಾರೆ. ಯಾಕ್ರೀ ಅಂದ್ರೆ, ಬಕೆಟ್ಟಲ್ಲಿ ನೀಲಿ ಸರಿಯಾಗೇ ಕಾಣ್ತಿದೆ ಕಣೇ, ಹೊಗೇಲಿ ಯಾಕೆ ತಪ್ತಿದೆ ಅಂತಾರೆ."

"ವಯಸ್ಸಾಯ್ತಲ್ಲ ಅಕ್ಕಾ" ಅಂದೆ. ನನ್ನ ನಾಲಿಗೆಗೆ ಹುಳ ಬೀಳಬೇಕು.

"ವಯಸ್ಸಂತೆ! ಹೋದ ತಿಂಗಳು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ವಿ. ಪೊರೆ ಬರೋಕೆ ಶುರುವಾಗಿದೆ, ಎರಡು ತಿಂಗಳು ಬಿಟ್ಟು ಆಪರೇಷನ್ ಮಾಡೋಣ, ಅಲ್ಲೀವರೆಗೂ ಕೆಲಸಕ್ಕೇನೂ ತೊಂದರೆ ಇಲ್ಲ ಅಂದ್ರು. ಬಣ್ಣ ಮಂಕಾಗುತ್ತೆ, ಮೊದಲು ಹೋಗೋದೇ ನೀಲಿ ಅಂತಾನೂ ಅಂದ್ರು. ಇವರು ಅದನ್ನೇ ತಲೇಲಿ ಇಟ್ಕೊಂಡಿದ್ದಾರೆ. ಈ ಶುಕ್ರವಾರ ನಿನ್ನ ಲಾರಿ ಒಂದು ಕಳಿಸಿ ಶೆಡ್ಡಿನ ಬಾಗಿಲು ಹಾಕಿಬಿಡ್ತಾರಂತೆ. ಕಣ್ಣಿಲ್ಲದೋನು ಇನ್ನೊಬ್ಬರ ಲಾರಿ ಬಿಚ್ಚಬಾರದು ಅಂತಾರೆ. ಆ ಶೆಡ್ ಇಲ್ಲದೆ ಈ ಮನುಷ್ಯ ಮನೇಲಿ ಕೂತ್ಕೊಂಡು ಏನೋ ಮಾಡ್ತಾರೆ? ನನಗೆ ಭಯ ಆಗ್ತಿದೆ ಕಣೋ."

ಅಕ್ಕ ಅಳುವವಳಲ್ಲ. ಅವತ್ತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೇಳಿಬಿಡೋಣ ಅಂದುಕೊಂಡೆ. ಆದರೆ ಏನಂತ ಹೇಳಲಿ? ನೀಲಿ ಇತ್ತು ಅಂತಲೇ? ಕಂಪ್ರೆಷನ್ ಹಾಗೆ ಹೇಳುತ್ತಿಲ್ಲವಲ್ಲ. ಬಿಳಿ ಇತ್ತು ಅಂತಲೇ? ನಾನು ಕಂಡದ್ದು ಬಿಳಿ ಅಲ್ಲವಲ್ಲ. ನನ್ನ ಹತ್ತಿರ ಹೇಳೋಕೆ ನಿಜ ಅನ್ನೋದು ಯಾವುದೂ ಉಳಿದಿರಲಿಲ್ಲ. ನೀರು ಕೇಳಿ ಕುಡಿದು, ಕಳ್ಳನ ಹಾಗೆ ಹೊರಟು ಬಂದೆ.

ಗುರುವಾರ ಭಾವ ಬೆಳಿಗ್ಗೆಯೇ ಕೆಲಸಕ್ಕೆ ಕೂತರು. ಇಂಜಿನ್ನಿಗೆ ಗಾಳಿ ಹೋಗುವ ಪೈಪುಗಳನ್ನೆಲ್ಲ ಬಿಚ್ಚಿ ಒಂದೊಂದಾಗಿ ಡೀಸೆಲಿನಲ್ಲಿ ತೊಳೆಯುತ್ತಾ ಬಂದರು. ತೊಳೆಯೋಕೆ ಕಾರಣ ಏನೂ ಇರಲಿಲ್ಲ. ಕೊನೆಯ ಲಾರಿ, ಚೊಕ್ಕವಾಗಿ ಇರಲಿ ಅಂತ ಇರಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಇಂಜಿನ್ನಿನ ಕಡೆಯದೆಲ್ಲ ಹಾಕಿ ಮುಗಿಸಿದರು. ಏರ್ ಕ್ಲೀನರಿಂದ ಬರುವ ದಪ್ಪ ರಬ್ಬರ್ ಕೊಳವೆ ಮಾತ್ರ ತೊಳೆಯದೆ ಇನ್ನೂ ಕೆಳಗೆ ಬಿದ್ದಿತ್ತು.

"ಒಂದು ಸಲ ಸ್ಟಾರ್ಟ್ ಮಾಡು, ನಾಜಲ್ ಪೈಪು ಎಲ್ಲಾದ್ರೂ ಸೋರುತ್ತಾ ನೋಡೋಣ" ಅಂತ ಹೇಳಿ, ಅಭ್ಯಾಸ ಬಿಡದೆ, ಹಿಂದಕ್ಕೆ ಹೋಗಿ ಪೈಪಿನ ಪಕ್ಕ ಕೂತರು.

ಸ್ಟಾರ್ಟ್ ಮಾಡಿದೆ. ರೇಸ್ ಕೊಟ್ಟೆ. ಮುದುಕಿಯ ದನಿಯೇ ಬೇರೆಯಾಗಿತ್ತು, ಹಗುರವಾಗಿತ್ತು. ಕನ್ನಡಿಯಲ್ಲಿ ನೋಡಿದರೆ ಭಾವ ಎರಡು ಕೈಯಲ್ಲೂ ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಕನ್ನಡಕ ಮಣ್ಣಲ್ಲಿ ಬಿದ್ದಿತ್ತು. ಇಳಿದು ಓಡಿದೆ.

"ಬರ್ತಿದೆಯಾ?" ಅಂತ ಕೇಳಿದರು. "ಹೊಗೆ ಬರ್ತಿದೆ ತಾನೇ? ನನಗೆ... ನನಗೆ ಏನೂ ಕಾಣಿಸ್ತಿಲ್ಲ ಕಣೋ."

ಪೈಪಿನ ಬಾಯಲ್ಲಿ ಗಾಳಿ ಬಿಸಿಗೆ ಅಲುಗಾಡುತ್ತಿತ್ತು. ಅಷ್ಟೇ. ಗೋಡೆಯ ಇಟ್ಟಿಗೆ ಒಂದೊಂದೂ ಸ್ಪಷ್ಟವಾಗಿ ಕಾಣುತ್ತಿತ್ತು.

"ಇಲ್ಲ ಭಾವ! ಹೊಗೆ ಇಲ್ಲ! ಹೊಗೆನೇ ಬರ್ತಿಲ್ಲ!"

"ಸುಮ್ನೆ ಸಮಾಧಾನ ಮಾಡಬೇಡ."

"ನಿಮ್ಮಾಣೆ ಇಲ್ಲ!" ನಾನು ಅವರ ಹೆಗಲಿನ ಬಿಳಿ ವಸ್ತ್ರ ಕಿತ್ತುಕೊಂಡು ಪೈಪಿಗೆ ಹಿಡಿದು, ಅವರ ಮಡಿಲಿಗೆ ಹಾಕಿದೆ. ಅದರಲ್ಲಿ ಹಳೇ ಕಲೆ ಬಿಟ್ಟರೆ ಹೊಸದು ಒಂದು ಚುಕ್ಕೆ ಇಲ್ಲ. ಅವರು ಅದನ್ನ ಮೂಗಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಎದ್ದು ಮುಂದಕ್ಕೆ ಹೋಗಿ, ಕೆಳಗೆ ಬಿದ್ದಿದ್ದ ರಬ್ಬರ್ ಕೊಳವೆಯೊಳಗೆ ಬೆರಳು ಹಾಕಿದರು. ಬೆರಳು ಆಯಿಲಿನಲ್ಲಿ ಅದ್ದಿದ ಹಾಗೆ ಆಚೆ ಬಂತು.

ಹಳೇ ಲಾರಿಯ ಏರ್ ಕ್ಲೀನರ್ ಕೆಳಗೆ ಒಂದು ಬಟ್ಟಲಿರುತ್ತೆ. ಅದರಲ್ಲಿ ಒಂದಿಷ್ಟು ಆಯಿಲ್ ಹಾಕಿರುತ್ತಾರೆ, ಗಾಳಿಯ ಧೂಳು ಅದಕ್ಕೆ ಅಂಟಿಕೊಳ್ಳಲಿ ಅಂತ. ಎಲ್ಲೀವರೆಗೆ ಹಾಕಬೇಕು ಅಂತ ಬಟ್ಟಲಿನಲ್ಲೇ ಗೆರೆ ಇರುತ್ತೆ. ಭಾವ ಆ ಬಟ್ಟಲು ಬಿಚ್ಚಿದರು. ಅದು ಅಂಚಿನವರೆಗೂ ತುಂಬಿ, ಅವರ ಅಂಗಿಯ ತೋಳಿನ ಮೇಲೆ ಚೆಲ್ಲಿತು.

"ಇದಕ್ಕೆ ಇಷ್ಟು ಆಯಿಲ್ ಯಾರು ಹಾಕಿದ್ದು?"

"ನಾನೇ. ದಿನಾ ಬೆಳಿಗ್ಗೆ ನೋಡ್ತೀನಿ. ಇಳಿದಿದ್ರೆ ತುಂಬಿಸ್ತೀನಿ. ಇವತ್ತೂ ಹಾಕಿದೆ." ಕ್ರಷರಿನ ಧೂಳು ಭಾವ, ಮುದುಕಿಯ ಎದೆಗೆ ಧೂಳು ಹೋಗಬಾರದಲ್ಲ, ಇನ್ನೊಂದಿಷ್ಟು ಇರಲಿ ಅಂತ ಹಾಕಿದೆ, ಅಂತೆಲ್ಲ ತೊದಲಿದೆ. ದಿನಾ ಆಯಿಲ್ ಯಾಕೆ ಇಳಿಯುತ್ತೆ ಅಂತ ನಾನು ಒಂದು ದಿನಾನೂ ಯೋಚನೆ ಮಾಡಿರಲಿಲ್ಲ. ಇಂಜಿನ್ ಗಾಳಿಯ ಜೊತೆ ಅದನ್ನೇ ಹೀರಿಕೊಂಡು ಉರಿಸುತ್ತಿತ್ತು. ನಾನು ಅದಕ್ಕೆ ಭಕ್ತಿಯಿಂದ ಬಡಿಸುತ್ತಿದ್ದೆ.

ಭಾವ ನಕ್ಕರು. ನಾಲ್ಕು ದಿನದಲ್ಲಿ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಅಯ್ಯೋ ನಿನ್ನ! ಇಂಜಿನ್ ಗಟ್ಟಿ, ಆಯಿಲ್ ಇಳಿದಿಲ್ಲ, ಹೊಗೆ ಮಾತ್ರ ಇದೆ ಅಂದ್ರೆ ಗಾಳಿ ಕಡೆಯಿಂದ ಬರ್ತಿದೆ ಅಂತ ಮಂಗಳವಾರವೇ ನನಗೆ ಹೊಳೀಬೇಕಿತ್ತು. ನಾನು ನೀಲಿ ಅಂತಲೇ ಹಿಡ್ಕೊಂಡಿದ್ರೆ..." ಅಂದವರು ಅಲ್ಲಿಗೇ ನಿಂತರು. ನಗು ಹಾಗೇ ಇಳಿಯಿತು. "ಅಲ್ಲ ಕಣೋ. ಆಯಿಲ್ ಉರಿದಿದೆ ಅಂದ್ಮೇಲೆ ಹೊಗೆ ನೀಲಿನೇ ಬಂದಿರಬೇಕು. ನನಗೆ ಕಂಡಿದ್ದು ಸರಿ. ಹಾಗಾದ್ರೆ ನಿನಗೆ ಬಿಳಿ ಹೇಗೆ ಕಾಣ್ತು?"

ನಾನು ಬಗ್ಗಿ ರಬ್ಬರ್ ಕೊಳವೆ ಎತ್ತಿಕೊಂಡು ಒರೆಸೋಕೆ ಶುರು ಮಾಡಿದೆ.

ಅವರು ಹತ್ತಿರ ಬಂದು, ಎಣ್ಣೆ ಕೈಯಲ್ಲೇ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ನನ್ನ ಕಣ್ಣೊಳಗೆ ಇಣುಕಿ ನೋಡಿದರು. "ನಿನ್ನ ಕಣ್ಣಿಗೇನಾದ್ರೂ ಆಗಿದೆಯೇನೋ? ದಿನಾ ರೋಡಲ್ಲಿರೋನು ನೀನು. ನಾಳೆ ತಪಾಸಣೆ ಮುಗಿಸಿ ನನ್ನ ಜೊತೆ ಕಣ್ಣಿನ ಡಾಕ್ಟರ ಹತ್ರ ಬಾ. ಹೆದರ್ಕೋಬೇಡ, ನೋವೇನೂ ಆಗಲ್ಲ."

ಅದನ್ನ ತಡೆದುಕೊಳ್ಳೋಕೆ ಆಗಲಿಲ್ಲ. "ನನಗೂ ನೀಲಿನೇ ಕಂಡಿತ್ತು ಭಾವ" ಅಂದೆ. "ಸೋಮವಾರದಿಂದಲೂ ನೀಲಿನೇ. ಬೋರಿನ ಕೆಲಸ ಬಂದ್ರೆ ಶುಕ್ರವಾರ ತಪ್ಪುತ್ತಲ್ಲ ಅಂತ ಬಿಳಿ ಅಂದೆ."

ಅವರ ಕೈ ನನ್ನ ಗಲ್ಲದಿಂದ ಇಳಿಯಿತು. ಬಟ್ಟಲನ್ನ ಬಗ್ಗಿಸಿ ಗೆರೆಯವರೆಗೂ ಆಯಿಲ್ ಚೆಲ್ಲಿ, ಮತ್ತೆ ಜಾಗಕ್ಕೆ ಹಾಕಿ, ಕೊಳವೆ ಬಿಗಿದು, ಕೈ ಒರೆಸಿಕೊಂಡರು. ಆಮೇಲೆ ಹೇಳಿದರು: "ಆಪರೇಷನ್ ಆಗೋವರೆಗೆ ಹೆಂಗೆ ಅಂತ ನಿಮ್ಮಕ್ಕ ಕೇಳಿದಾಗ, ನನ್ನ ಕಣ್ಣು ಮಂಕಾದ್ರೆ ಏನಂತೆ, ನಿನ್ನ ತಮ್ಮನ ಕಣ್ಣಿದೆಯಲ್ಲ ಅಂದಿದ್ದೆ ಕಣೋ."

ಶುಕ್ರವಾರ ಮುದುಕಿ ಪಾಸಾದಳು. ಅಳೆಯುವವನು ನಳಿಗೆ ಎರಡು ಸಲ ತೂರಿಸಿ, ಯಂತ್ರ ಕೆಟ್ಟಿದೆಯೇನೋ ಅಂತ ತಟ್ಟಿ ನೋಡಿ, ಮೂರನೇ ಸಲ ಅಳೆದು ಮುದ್ರೆ ಒತ್ತಿದ. ಆ ಕಾಗದ ಹಿಡಿದುಕೊಂಡು ಶೆಡ್ಡಿಗೆ ಓಡಿದೆ. ಬಾಗಿಲು ತೆಗೆದಿತ್ತು. ಹೋದ ಜೀವ ಬಂದ ಹಾಗಾಯ್ತು. ಅಕ್ಕ ಅಲ್ಲೇ ಇದ್ದಳು, ಹಿಂದಿನ ನಲ್ಲಿಯಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದಳು. ಭಾವ ಕಾಗದ ನೋಡಿ, "ಒಳ್ಳೇದಾಯ್ತು" ಅಂತ ನನ್ನ ಬೆನ್ನು ತಟ್ಟಿದರು. ಅದರಲ್ಲಿ ಕಪಟ ಇರಲಿಲ್ಲ. ಅವರ ಹತ್ತಿರ ಅದೂ ಇಲ್ಲ.

ಅಷ್ಟರಲ್ಲಿ ಯಾರದೋ ಲಾರಿ ಬಂತು. ಭಾವ ಪೈಪಿನ ಪಕ್ಕ ಕೂತು ಕೈ ಎತ್ತಿದರು. ನಾನು ಅವರ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿ ನಿಂತಿದ್ದೆ. ಹೊಗೆ ಬಂತು. ಭಾವ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಆಮೇಲೆ ನನ್ನನ್ನ ದಾಟಿ ಹಿಂದಕ್ಕೆ ಕತ್ತು ತಿರುಗಿಸಿ ಕೂಗಿದರು.

"ಏ, ಬಾರೇ ಇಲ್ಲಿ ಒಂದು ನಿಮಿಷ. ಇದು ಯಾವ ಬಣ್ಣ ಹೇಳು?"

ಅಕ್ಕ ಒದ್ದೆ ಕೈಯಲ್ಲೇ ಬಂದಳು. ನನ್ನ ಮುಖ ಒಂದು ಸಲ ನೋಡಿದಳು, ಆಮೇಲೆ ಹೊಗೆ ನೋಡಿ, "ಕಪ್ಪು" ಅಂದಳು. "ಸರಿ" ಅಂತ ಭಾವ ಮಂಡಿ ಹಿಡಿದುಕೊಂಡು ಎದ್ದು ಸ್ಪ್ಯಾನರ್ ತಗೊಳ್ಳೋಕೆ ಒಳಗೆ ಹೋದರು.